ಗೋಡೆ ಕ್ಯಾಲೆಂಡರ್, ಪುಸ್ತಕ ಪಂಚಾಂಗ, ಮೊಬೈಲ್ ಆ್ಯಪ್: ಹೊತ್ತು ನೋಡಲು ಯಾವುದನ್ನು ನಂಬಬೇಕು?

ಪರಾಭವ ಸಂವತ್ಸರದ ಯುಗಾದಿ, 2026ರ ಮಾರ್ಚ್ 19, ಗುರುವಾರ. ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕವನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಕೆಂಪು ಅಂಕಿಯ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಅಮಾವಾಸ್ಯೆ 6-53 ಎಂದಿರುತ್ತದೆ. ಯುಗಾದಿ ಎಂದರೆ ಚೈತ್ರ ಶುದ್ಧ ಪಾಡ್ಯ, ಆದರೆ ಚೌಕ ಹೇಳುವುದು ಅಮಾವಾಸ್ಯೆ. ಪಕ್ಕದ ಶುಕ್ರವಾರದ ಚೌಕಕ್ಕೆ ಹೋದರೆ ಅಲ್ಲಿ ಬಿದಿಗೆ. ಹಾಗಾದರೆ ಪಾಡ್ಯ ಎಲ್ಲಿ ಹೋಯಿತು?

ಇದು ಅಚ್ಚಿನ ತಪ್ಪಲ್ಲ. ಬೆಂಗಳೂರಿನಲ್ಲಿ ಅಂದು ಸೂರ್ಯೋದಯ 6:25ರ ಸುಮಾರಿಗೆ. ಅಮಾವಾಸ್ಯೆ ಮುಗಿಯುವುದು 6:53ಕ್ಕೆ, ಅಂದರೆ ಸೂರ್ಯ ಹುಟ್ಟಿದ ಅರ್ಧ ಗಂಟೆಗೆ. ಆಮೇಲೆ ಶುರುವಾದ ಪಾಡ್ಯ ಮರುದಿನ ನಸುಕಿನ 4:52ಕ್ಕೇ ಮುಗಿದುಬಿಡುತ್ತದೆ. ಗುರುವಾರದ ಸೂರ್ಯೋದಯಕ್ಕೆ ಅದು ಬಂದಿರಲಿಲ್ಲ, ಶುಕ್ರವಾರದ ಸೂರ್ಯೋದಯಕ್ಕೆ ಉಳಿದಿರಲಿಲ್ಲ. ಒಂದು ಸೂರ್ಯೋದಯವನ್ನೂ ಮುಟ್ಟದ ಇಂಥ ತಿಥಿಗೆ ಕ್ಷಯ ತಿಥಿ ಎನ್ನುತ್ತಾರೆ. ದಿನಕ್ಕೆ ಹೆಸರು ಕೊಡುವುದು ಸೂರ್ಯೋದಯದ ತಿಥಿಯಾದ್ದರಿಂದ ಕ್ಷಯ ತಿಥಿಗೆ ಸ್ವಂತ ಚೌಕ ಸಿಗುವುದಿಲ್ಲ. ಹಬ್ಬವನ್ನು ಮಾತ್ರ ಪಾಡ್ಯ ಶುರುವಾದ ಗುರುವಾರವೇ ಮಾಡುವುದು.

ಅದೇ ಪಾಡ್ಯವನ್ನು ನ್ಯೂಜೆರ್ಸಿಯಲ್ಲಿ ಕೂತು ನೋಡಿದರೆ ಬುಧವಾರ ರಾತ್ರಿ 9:23ಕ್ಕೆ ಶುರು, ಗುರುವಾರದ ಸೂರ್ಯೋದಯ ದಾಟಿ ಸಂಜೆ 7:22ರವರೆಗೂ ಇರುತ್ತದೆ. ಅಲ್ಲಿ ಕ್ಷಯದ ಮಾತೇ ಇಲ್ಲ. ಆಕಾಶದಲ್ಲಿ ನಡೆದದ್ದು ಒಂದೇ ಘಟನೆ, ಆದರೆ ಎರಡು ಊರಿನಲ್ಲಿ ಎರಡು ಬಗೆಯ ದಿನ. ಪಂಚಾಂಗ ಕೊಳ್ಳುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ: ಪಂಚಾಂಗ ಯಾವಾಗಲೂ ಒಂದು ಊರಿನದು. ಮುಖಪುಟದಲ್ಲಿ ಯಾವ ದೇವರ ಚಿತ್ರವಿದೆ, ಕಾಗದ ಎಷ್ಟು ದಪ್ಪ ಎನ್ನುವುದೆಲ್ಲ ಆಮೇಲೆ. ಮೊದಲ ಪುಟ ತಿರುಗಿಸಿ ಗಣಿತ ಯಾವ ಊರಿಗೆ ಮಾಡಿದ್ದು ಎಂದು ನೋಡಿ. ಅದನ್ನು ಬರೆದಿಲ್ಲದ ಪಂಚಾಂಗವನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಗಡಿಯಾರಕ್ಕೆ ಎಲ್ಲ ನಿಮಿಷವೂ ಒಂದೇ ತೂಕ. ದಿನ ಬದಲಾಗುವುದು ನಡುರಾತ್ರಿ, ಎಲ್ಲರೂ ಮಲಗಿರುವಾಗ. ಯಹೂದಿಗಳಿಗೂ ಮುಸ್ಲಿಮರಿಗೂ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಗುರುವಾರ ಸಂಜೆ ಹೊತ್ತು ಮುಳುಗಿದರೆ ಅವರ ಲೆಕ್ಕದಲ್ಲಿ ಶುಕ್ರವಾರ ಬಂದಂತೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ: ‘ಸಾ ಮೋಜಾ’, ಅಂದರೆ ಒಂದು ಗಂಟೆ, ನಮ್ಮ ಗಡಿಯಾರದ ಬೆಳಿಗ್ಗೆ 7. ಇಥಿಯೋಪಿಯಾದಲ್ಲೂ ಹಾಗೆಯೇ. ಹೊಸದಾಗಿ ಅಲ್ಲಿಗೆ ಹೋದವರು ಮೂರು ಗಂಟೆಗೆ ಬನ್ನಿ ಎಂದದ್ದನ್ನು ಮಧ್ಯಾಹ್ನ ಎಂದುಕೊಂಡರೆ ಆರು ಗಂಟೆ ತಡವಾಗಿ ಹೋಗುತ್ತಾರೆ. ಜಪಾನಿನ ಗೋಡೆ ಕ್ಯಾಲೆಂಡರುಗಳಲ್ಲಿ ಇಂದಿಗೂ ‘ರೊಕುಯೊ’ ಎಂಬ ಆರು ಬಗೆಯ ದಿನಗಳನ್ನು ಅಚ್ಚು ಹಾಕುತ್ತಾರೆ. ‘ತಾಯಿಯಾನ್’ ಮದುವೆಗೆ ಒಳ್ಳೆಯ ದಿನ, ‘ಬುತ್ಸುಮೆತ್ಸು’ ಆಗಿಬರದ ದಿನ. ‘ತೊಮೊಬಿಕಿ’ಯಂದು ಅಂತ್ಯಕ್ರಿಯೆ ಮಾಡುವುದಿಲ್ಲ, ಸತ್ತವರು ಸ್ನೇಹಿತರನ್ನೂ ಎಳೆದುಕೊಂಡು ಹೋಗುತ್ತಾರೆ ಎಂಬ ನಂಬಿಕೆಯಿಂದ ಎಷ್ಟೋ ಚಿತಾಗಾರಗಳು ಆ ದಿನ ಮುಚ್ಚಿರುತ್ತವೆ. ಬುಲೆಟ್ ರೈಲನ್ನು ಸೆಕೆಂಡಿನ ಲೆಕ್ಕದಲ್ಲಿ ಓಡಿಸುವ ದೇಶವೂ ದಿನಕ್ಕೊಂದು ಗುಣವಿದೆ ಎನ್ನುವುದನ್ನು ಬಿಟ್ಟುಕೊಟ್ಟಿಲ್ಲ.

ನಮ್ಮ ಪಂಚಾಂಗ ಇದೇ ಕುಟುಂಬದ್ದು, ಆದರೆ ಇದರ ಹಿಂದಿನ ಗಣಿತ ಬಹಳ ದೊಡ್ಡದು. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 26 ಮುಕ್ಕಾಲು ಗಂಟೆಯವರೆಗೂ ಎಳೆಯಬಹುದು. ಚಂದ್ರ 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ) ನಡೆದರೆ ಒಂದು ನಕ್ಷತ್ರ. ಸೂರ್ಯ ಚಂದ್ರರ ಸ್ಥಾನಗಳನ್ನು ಕೂಡಿದರೆ ಯೋಗ, ಅರ್ಧ ತಿಥಿಗೆ ಕರಣ, ಇದರ ಜೊತೆ ವಾರ. ಹೀಗೆ ಐದು ಅಂಗ. ಆ ಯುಗಾದಿಯ ಸೂರ್ಯೋದಯವನ್ನೇ ಮತ್ತೆ ತೆಗೆದುಕೊಂಡರೆ: ಗುರುವಾರ, ಅಮಾವಾಸ್ಯೆ, ಉತ್ತರಾಭಾದ್ರ, ಶುಕ್ಲ ಯೋಗ, ನಾಗ ಕರಣ. ಅಷ್ಟನ್ನೂ ಎರಡು ಬೆರಳಗಲದ ಚೌಕದಲ್ಲಿ ತುಂಬಿಸಿರುತ್ತಾರೆ.

ಈಗ ಒಂದೊಂದಾಗಿ ನೋಡೋಣ.

ಗೋಡೆ ಕ್ಯಾಲೆಂಡರನ್ನು ಮೀರಿಸುವ ವಸ್ತು ದಿನಬಳಕೆಗೆ ಇನ್ನೂ ಬಂದಿಲ್ಲ. ಮೇಲೆ ತಗಡಿನ ಪಟ್ಟಿ, ಒಂದು ಮೊಳೆ, ಹನ್ನೆರಡು ಹಾಳೆ. ಅಡುಗೆಮನೆಯ ಬಾಗಿಲ ಪಕ್ಕ ನೇತುಹಾಕಿದರೆ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ. ಹಾಲಿನ ಪ್ಯಾಕೆಟ್ಟಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ಪೇಪರಿನವನಿಗೆ ದುಡ್ಡು ಕೊಟ್ಟ ದಿನ, ಮಗುವಿನ ಲಸಿಕೆಯ ದಿನ ಎಲ್ಲ ಆ ಚೌಕದಲ್ಲೇ ಏಕಾದಶಿಯ ಪಕ್ಕ, ಸಂಕಷ್ಟಿಯ ಪಕ್ಕ ಕೂರುತ್ತವೆ. ಆದ್ದರಿಂದ ಕ್ಯಾಲೆಂಡರ್ ಆರಿಸುವಾಗ ಚೌಕದಲ್ಲಿ ಖಾಲಿ ಜಾಗ ಎಷ್ಟು ಬಿಟ್ಟಿದ್ದಾರೆ ಎಂದು ನೋಡಬೇಕು. ಕಾಗದ ಮಿರುಗುವಂಥದ್ದಾಗಿದ್ದರೆ ಬಾಲ್ ಪೆನ್ನು ಜಾರುತ್ತದೆ, ಇಂಕು ಒಣಗದೆ ಕೈಗೆ ಮೆತ್ತುತ್ತದೆ; ಒರಟು ಕಾಗದವೇ ವಾಸಿ. ಅಮಾವಾಸ್ಯೆಗೆ ಕಪ್ಪು ಚುಕ್ಕೆ, ಹುಣ್ಣಿಮೆಗೆ ಬಿಳಿ ಉಂಗುರ ಎರಡು ಮಾರು ದೂರದಿಂದ ಕಾಣುವಂತಿರಬೇಕು. ತಿಥಿ ಮುಗಿಯುವ ವೇಳೆ ಅಚ್ಚಾಗಿದೆಯೋ ಇಲ್ಲವೋ ಎನ್ನುವುದು ಎಲ್ಲಕ್ಕಿಂತ ಮುಖ್ಯ. ಬರೀ ತಿಥಿಯ ಹೆಸರು ಹಾಕಿ ವೇಳೆ ಬಿಟ್ಟಿರುವ ಕ್ಯಾಲೆಂಡರ್ ಚಂದವಾಗಿ ಕಂಡರೂ ಕೆಲಸಕ್ಕೆ ಬರುವುದಿಲ್ಲ.

ಗೋಡೆ ಕ್ಯಾಲೆಂಡರ್ ಓದುವಾಗ ಅತಿ ಹೆಚ್ಚು ಎಡವುವುದು ರಾತ್ರಿಯ ವೇಳೆಯಲ್ಲಿ. ಚೌಕದ ಮೇಲಿರುವ ಅಂಕಿ ಇಂಗ್ಲಿಷ್ ತಾರೀಕು, ಅದು ನಡುರಾತ್ರಿ ಬದಲಾಗುತ್ತದೆ. ಒಳಗಿರುವ ಪಂಚಾಂಗದ ದಿನ ಮರುದಿನದ ಸೂರ್ಯೋದಯದ ತನಕ ನಡೆಯುತ್ತದೆ. ಗುರುವಾರದ ಚೌಕದಲ್ಲಿ ‘ರಾ 4-52’ ಎಂದಿದ್ದರೆ ಅದು ಗುರುವಾರ ರಾತ್ರಿ ಕಳೆದು ಬರುವ ನಸುಕು, ಮೊಬೈಲಿನ ಅಲಾರಂಗೆ ಅದು ಶುಕ್ರವಾರ. ಕೆಲವರು ಇದನ್ನೇ 28-52 ಎಂದು ಅಚ್ಚು ಹಾಕುತ್ತಾರೆ. 24 ಕಳೆದರೆ 4-52, ತಾರೀಕು ಒಂದು ಮುಂದೆ. ಮೊದಲ ಸಲ ನೋಡುವವರಿಗೆ ವಿಚಿತ್ರ ಅನ್ನಿಸಿದರೂ ಈ 28-52ರ ಪದ್ಧತಿಯೇ ಉತ್ತಮ, ಗೊಂದಲಕ್ಕೆ ಜಾಗವಿಲ್ಲ. ಕೊಳ್ಳುವಾಗ ಹೀಗೆ ಅಚ್ಚಾದದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಇನ್ನು ರಾಹುಕಾಲ. ಗೋಡೆ ಕ್ಯಾಲೆಂಡರಿನ ದೊಡ್ಡ ದೋಷ ಇರುವುದು ಇಲ್ಲಿ. ಹಾಳೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ಸೋಮವಾರ 7:30ರಿಂದ 9, ಮಂಗಳವಾರ 3ರಿಂದ 4:30, ಬುಧವಾರ 12ರಿಂದ 1:30, ಗುರುವಾರ 1:30ರಿಂದ 3, ಶುಕ್ರವಾರ 10:30ರಿಂದ 12, ಶನಿವಾರ 9ರಿಂದ 10:30, ಭಾನುವಾರ 4:30ರಿಂದ 6. ಹನ್ನೆರಡು ತಿಂಗಳೂ ಇದೇ ಪಟ್ಟಿ. ಬಾಯಿಪಾಠ ಮಾಡಿಕೊಂಡು ಇದನ್ನೇ ನಂಬಿ ಗೃಹಪ್ರವೇಶಕ್ಕೆ ಹೊರಡುವವರು ಲಕ್ಷಾಂತರ ಮಂದಿ. ಆದರೆ ರಾಹುಕಾಲದ ನಿಯಮ ಗಡಿಯಾರದ್ದಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿ ಸೋಮವಾರಕ್ಕೆ 2ನೆಯದು, ಮಂಗಳವಾರಕ್ಕೆ 7, ಬುಧವಾರಕ್ಕೆ 5, ಗುರುವಾರಕ್ಕೆ 6, ಶುಕ್ರವಾರಕ್ಕೆ 4, ಶನಿವಾರಕ್ಕೆ 3, ಭಾನುವಾರಕ್ಕೆ 8ನೆಯ ಪಾಲು. ಮೇಲಿನ ಪಟ್ಟಿ ಸರಿಯಾಗಬೇಕಾದರೆ ಸೂರ್ಯ ಸರಿಯಾಗಿ 6ಕ್ಕೆ ಹುಟ್ಟಿ 6ಕ್ಕೆ ಮುಳುಗಬೇಕು.

ಬೆಂಗಳೂರಿನಲ್ಲಿ ಅಂಥ ದಿನ ವರ್ಷದಲ್ಲಿ ಒಂದೂ ಇಲ್ಲ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಬೆಂಗಳೂರು ಇರುವುದು 77.6ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ಸುಮಾರು 20 ನಿಮಿಷ ತಡವಾಗಿ ಬರುತ್ತಾನೆ. ಹಗಲು ರಾತ್ರಿ ಸಮವಾಗಿರುವ ಆ ಯುಗಾದಿಯ ಗುರುವಾರವನ್ನೇ ನೋಡಿ: 6:25ಕ್ಕೆ ಉದಯ, 6:31ಕ್ಕೆ ಅಸ್ತ, ಹಗಲು 726 ನಿಮಿಷ, ಒಂದು ಪಾಲು ಸುಮಾರು ತೊಂಬತ್ತೊಂದು ನಿಮಿಷ. ಆರನೆಯ ಪಾಲು ಬರುವುದು ಸುಮಾರು 2:00ರಿಂದ 3:30. ಪಟ್ಟಿಯನ್ನು ನಂಬಿ 3 ಗಂಟೆ ದಾಟಿತೆಂದು ಕೆಲಸ ಶುರು ಮಾಡಿದವರು ರಾಹುಕಾಲದ ನಡುವೆ ಶುರು ಮಾಡಿದಂತಾಯಿತು. ಜನವರಿ ಕೊನೆಯ ಶುಕ್ರವಾರ ಸೂರ್ಯೋದಯ 6:46, ಅಸ್ತ 6:18ರ ಹತ್ತಿರ; ರಾಹುಕಾಲ ಸುಮಾರು 11:05ರಿಂದ 12:32. ಜೂನ್ ಮೂರನೆಯ ವಾರದ ಭಾನುವಾರ 5:54ಕ್ಕೆ ಉದಯ, 6:48ಕ್ಕೆ ಅಸ್ತ. ರಾಹುಕಾಲ 5:11ರಿಂದ 6:48. ಪಟ್ಟಿ ಹೇಳುವ 4:30ಕ್ಕೂ ಇದಕ್ಕೂ 41 ನಿಮಿಷ ವ್ಯತ್ಯಾಸ. ರಾಹುಕಾಲವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಂಬುವವರಿಗೆ ತಪ್ಪು ಹೊತ್ತನ್ನು ಮಾರಬಾರದು. ಪ್ರತಿ ಪುಟದಲ್ಲಿ ಆ ತಿಂಗಳ ಸೂರ್ಯೋದಯ, ಸೂರ್ಯಾಸ್ತ ಕೊಟ್ಟಿರುವ ಕ್ಯಾಲೆಂಡರಾದರೆ ಎಂಟರಿಂದ ಭಾಗಿಸಿ ನಾವೇ ಲೆಕ್ಕ ಹಾಕಿಕೊಳ್ಳಬಹುದು.

ಅಭಿಜಿನ್ ಮುಹೂರ್ತಕ್ಕೂ ಇದೇ ಮಾತು. ಹಗಲಿನ 15 ಮುಹೂರ್ತಗಳಲ್ಲಿ ಅದು 8ನೆಯದು, ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆಚೆ ಈಚೆ 24 ನಿಮಿಷ. ಮಾರ್ಚ್ ಮೂರನೆಯ ವಾರ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು 12:28ರ ಸುಮಾರಿಗೆ. ಮಂಗಳೂರಿನಲ್ಲಿ ಇನ್ನೂ 11 ನಿಮಿಷ ತಡ. ಬೆಂಗಳೂರಿನ ಕ್ಯಾಲೆಂಡರನ್ನು ಕಾರವಾರದಲ್ಲಿ ಇಟ್ಟುಕೊಂಡರೆ 14 ನಿಮಿಷದ ಅಂತರ. ಬೀದರ್ ಬೆಂಗಳೂರಿನ ನೇರ ಉತ್ತರಕ್ಕೇ ಇದ್ದರೂ ಡಿಸೆಂಬರಿನಲ್ಲಿ ಅಲ್ಲಿ ಸುಮಾರು 9 ನಿಮಿಷ ತಡವಾಗಿ ಬೆಳಗಾಗುತ್ತದೆ, ಜೂನಿನಲ್ಲಿ ಅಷ್ಟೇ ಬೇಗ. ಲಗ್ನಪತ್ರಿಕೆಯಲ್ಲಿ ಮುಕ್ಕಾಲು ಗಂಟೆಯ ಮುಹೂರ್ತ ಬರೆಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಮದುವೆ ನಡೆಯುವುದು ಯಾವ ಊರಿನಲ್ಲೋ ಆ ಊರಿನ ಗಣಿತವೇ ಬೇಕು.

ಪುಸ್ತಕ ಪಂಚಾಂಗ ಬೇರೆಯೇ ವಸ್ತು. ಮೈಸೂರು ಸೀಮೆಯ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗವಿದ್ದಂತೆ ಒಂದೊಂದು ಸೀಮೆಗೆ, ಒಂದೊಂದು ಮಠದ ಶಿಷ್ಯರಿಗೆ ತಮ್ಮದೇ ಪುಸ್ತಕವಿದೆ. ಗೋಡೆ ಕ್ಯಾಲೆಂಡರ್ ಜನವರಿಯಿಂದ ಡಿಸೆಂಬರ್, ಪುಸ್ತಕ ಯುಗಾದಿಯಿಂದ ಯುಗಾದಿ. ಜನವರಿಯಲ್ಲಿ ಅಂಗಡಿಗೆ ಹೋಗಿ ಪುಸ್ತಕ ತಂದರೆ ಮೂರೇ ತಿಂಗಳ ಸರಕು ಕೈಗೆ ಬಂದಂತೆ. ಯುಗಾದಿಗೆ ಎರಡು ವಾರ ಮೊದಲು ಕೊಳ್ಳಬೇಕು. ಪರಾಭವ ಸಂವತ್ಸರದ ಪುಸ್ತಕ ಹೆಚ್ಚು ದಿನ ಬಾಳುತ್ತದೆ: 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ, ಒಟ್ಟು 384 ದಿನ. ಅಧಿಕ ಮಾಸ ಬಂದ ವರ್ಷ ಅಲ್ಲಿಂದ ಮುಂದಿನ ಹಬ್ಬಗಳೆಲ್ಲ ತಡ. ಆ ವರ್ಷದ ಗಣೇಶ ಚೌತಿ ಸೆಪ್ಟೆಂಬರ್ 14, ದೀಪಾವಳಿ ನವೆಂಬರ್ ಎರಡನೆಯ ವಾರ. ರಜೆ, ರೈಲು ಟಿಕೆಟ್ ನೋಡುವವರು ಹಳೆಯ ವರ್ಷದ ಅಂದಾಜಿನಲ್ಲಿ ಹೋಗಬಾರದು.

ಪುಸ್ತಕದಲ್ಲಿ ಹೊಸಬರನ್ನು ದಾರಿ ತಪ್ಪಿಸುವುದು ಗಳಿಗೆಯ ಲೆಕ್ಕ. ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 60 ವಿಗಳಿಗೆ. ಒಂದು ಗಳಿಗೆ ಎಂದರೆ 24 ನಿಮಿಷ. ತಿಥಿಯ ಎದುರು 22-30 ಎಂದಿದ್ದರೆ ರಾತ್ರಿ ಹತ್ತೂವರೆ ಎಂದು ಓದಿಬಿಡುತ್ತಾರೆ. ಅದು ಸೂರ್ಯೋದಯದಿಂದ 22 ಗಳಿಗೆ 30 ವಿಗಳಿಗೆ. ಗಳಿಗೆಯನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ ಗಂಟೆ: ಇಪ್ಪತ್ತೆರಡೂವರೆ ಗಳಿಗೆಗೆ 9 ಗಂಟೆ. ಸೂರ್ಯೋದಯ 6:15 ಆಗಿದ್ದರೆ ತಿಥಿ ಮುಗಿಯುವುದು ಮಧ್ಯಾಹ್ನ 3:15ಕ್ಕೆ. ಹತ್ತೂವರೆಗೂ ಇದಕ್ಕೂ ಏಳೂಕಾಲು ಗಂಟೆ ವ್ಯತ್ಯಾಸ, ವ್ರತವೇ ತಪ್ಪಿಹೋದೀತು. ಕೈಯಲ್ಲಿರುವ ಪುಸ್ತಕ ಯಾವ ಪದ್ಧತಿಯದು ಎಂದು ಗುರುತಿಸಲು ಒಂದು ತಿಂಗಳ ತಿಥಿಯ ಸಾಲನ್ನು ಮೇಲಿಂದ ಕೆಳಕ್ಕೆ ಓದಿ. ಅಂಕಿಗಳು 1ರಿಂದ 59ರವರೆಗೆ ಹರಡಿದ್ದರೆ ಗಳಿಗೆ. 6ರಿಂದ 30ರ ಒಳಗೇ ನಿಂತರೆ ಗಂಟೆ. 60-00 ಎಂದಿದ್ದರೆ ಆ ತಿಥಿ ಅಂದಿನ ಹಗಲು ರಾತ್ರಿ ಪೂರ್ತಿ ಇದೆ ಎಂದರ್ಥ.

ಈ ಗಳಿಗೆಯನ್ನು ಅಳೆಯಲು ಹಿಂದೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಾಮ್ರದ ತೆಳು ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ಅಗಲ ಪಾತ್ರೆಯ ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಒಳಗೇರುತ್ತ ಏರುತ್ತ 24 ನಿಮಿಷಕ್ಕೆ ಬಟ್ಟಲು ಮುಳುಗುತ್ತದೆ. ಮುಳುಗಿದ ಕೂಡಲೇ ಎತ್ತಿ ಚೆಲ್ಲಿ ಮತ್ತೆ ತೇಲಿಬಿಡಬೇಕು. ಮದುವೆಯ ಮುಹೂರ್ತಕ್ಕೆ ಒಬ್ಬರು ಇದನ್ನೇ ಕಾಯುತ್ತ ಕೂರುತ್ತಿದ್ದರು. ತೂತಿಗೆ ಕಸ ಸಿಕ್ಕಿದರೆ ಗಳಿಗೆ ಉದ್ದವಾಗುತ್ತದೆ, ಆದ್ದರಿಂದ ಸೋಸಿದ ನೀರೇ ಆಗಬೇಕು. ಒಳ್ಳೆ ಗಳಿಗೆ, ಕೆಟ್ಟ ಗಳಿಗೆ ಎಂದು ಇಂದಿಗೂ ಆಡುವ ಮಾತಿನಲ್ಲಿ ಈ ಬಟ್ಟಲು ಉಳಿದಿದೆ.

ಪುಸ್ತಕ ಬೇಕೇ ಬೇಕು ಎನ್ನುವುದು ಯಾಕೆಂದರೆ, ಪ್ರತಿ ಆಚರಣೆ ತಿಥಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಕೇಳುತ್ತದೆ. ಗೋಡೆ ಕ್ಯಾಲೆಂಡರ್ ಕೊಡುವುದು ಸೂರ್ಯೋದಯದ ತಿಥಿ. ಗಣೇಶ ಚೌತಿಗೆ ಮಧ್ಯಾಹ್ನ ಚೌತಿ ಇರಬೇಕು. ಪ್ರದೋಷಕ್ಕೆ ಸಂಜೆ ತ್ರಯೋದಶಿ, ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ, ಸಂಕಷ್ಟಿಗೆ ಚಂದ್ರ ಹುಟ್ಟುವಾಗ ಚೌತಿ. ತಾರಸಿಯ ಮೇಲೆ ಅರ್ಘ್ಯದ ತಟ್ಟೆ ಹಿಡಿದು ಕಾಯುವ ಮನೆಯವರಿಗೆ ಚಂದ್ರೋದಯದ ವೇಳೆ ಹತ್ತು ನಿಮಿಷ ಹೆಚ್ಚು ಕಡಿಮೆಯಾದರೂ ಹಸಿದ ಹೊಟ್ಟೆಗೆ ಗೊತ್ತಾಗುತ್ತದೆ. ಶ್ರಾದ್ಧಕ್ಕೆ ಅಪರಾಹ್ಣದ ತಿಥಿ: ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು, ಮಾರ್ಚ್ ಮೂರನೆಯ ವಾರದ ಬೆಂಗಳೂರಿನಲ್ಲಿ ಸುಮಾರು 1:41ರಿಂದ 4:06. ಬೆಳಿಗ್ಗೆ 10ಕ್ಕೆ ಷಷ್ಠಿ ಮುಗಿದು ಸಪ್ತಮಿ ಬಂದರೆ ಕ್ಯಾಲೆಂಡರಿನ ಚೌಕದಲ್ಲಿ ಷಷ್ಠಿ ಎಂದಿದ್ದರೂ ಅಂದು ಸಪ್ತಮಿಯ ಶ್ರಾದ್ಧ. ಅಪ್ಪನ ತಿಥಿಯನ್ನು ಚೌಕ ನೋಡಿ ಗುರುತು ಹಾಕಿಕೊಂಡು ಒಂದು ದಿನ ತಪ್ಪುವುದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಒಳ್ಳೆಯ ಪುಸ್ತಕದಲ್ಲಿ ಶ್ರಾದ್ಧ ತಿಥಿಗೇ ಬೇರೆ ಕಾಲಂ ಇರುತ್ತದೆ; ಇಲ್ಲದ ಪುಸ್ತಕಕ್ಕೆ ದುಡ್ಡು ಕೊಡಬೇಡಿ.

ಏಕಾದಶಿ ಎರಡು ದಿನ ಅಚ್ಚಾಗುವುದಕ್ಕೂ ಕಾರಣವಿದೆ. ಸ್ಮಾರ್ತರು ನೋಡುವುದು ಸೂರ್ಯೋದಯವನ್ನು. ಮಾಧ್ವರೂ ಶ್ರೀವೈಷ್ಣವರೂ ಅರುಣೋದಯ ನೋಡುತ್ತಾರೆ, ಅಂದರೆ ಸೂರ್ಯೋದಯಕ್ಕೆ 4 ಗಳಿಗೆ, 96 ನಿಮಿಷ ಮೊದಲು. ಆ ಹೊತ್ತಿನಲ್ಲಿ ದಶಮಿ ಇನ್ನೂ ಇದ್ದರೆ ಉಪವಾಸ ಮರುದಿನಕ್ಕೆ. ಇದರ ಮೇಲೆ ಗಣಿತದ ಭೇದ ಬೇರೆ. ಸೂರ್ಯಸಿದ್ಧಾಂತದ ಹಳೆಯ ಗಣಿತಕ್ಕೂ ಇಂದಿನ ಖಗೋಳ ಲೆಕ್ಕದ ದೃಗ್ಗಣಿತಕ್ಕೂ ತಿಥಿ ಮುಗಿಯುವ ವೇಳೆಯಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ಅಂತರ ಬರುತ್ತದೆ. ಗ್ರಹಣದ ಹೊತ್ತು ಆಕಾಶಕ್ಕೆ ತಾಳೆಯಾಗುವುದು ದೃಗ್ಗಣಿತದಲ್ಲಿ. ಆದರೂ ಮಠದ ಪದ್ಧತಿ ಪಾಲಿಸುವ ಮನೆಗೆ ಆ ಮಠದ ಪಂಚಾಂಗವೇ ಸರಿ, ಎರಡನ್ನೂ ಬೆರೆಸಬಾರದು. ಒಂದರ ಏಕಾದಶಿ ಹಿಡಿದು ಇನ್ನೊಂದರ ಪಾರಣೆಯ (ಉಪವಾಸ ಬಿಡುವ) ವೇಳೆಗೆ ಊಟ ಮಾಡಿದರೆ ಎರಡು ಪದ್ಧತಿಯೂ ಕೆಟ್ಟಂತೆ.

ರೈತರು ಪುಸ್ತಕ ತೆರೆಯುವುದು ಮಳೆ ನಕ್ಷತ್ರದ ಪುಟಕ್ಕೆ. ಇದು ಚಂದ್ರನ ನಕ್ಷತ್ರವಲ್ಲ, ಸೂರ್ಯನದು. ಒಂದೊಂದು 13-14 ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುವ ಗಾದೆ ಈ ಪುಟದ್ದೇ ಮಾತು. ಸೂರ್ಯನ ಲೆಕ್ಕವಾದ್ದರಿಂದ ಈ ತಾರೀಕುಗಳು ವರ್ಷದಿಂದ ವರ್ಷಕ್ಕೆ ಒಂದು ದಿನಕ್ಕಿಂತ ಹೆಚ್ಚು ಕದಲುವುದಿಲ್ಲ. ತುಳುನಾಡಿನ ಲೆಕ್ಕವೂ ಸೂರ್ಯನದೇ: ಹೊಸ ವರ್ಷ ಏಪ್ರಿಲ್ ನಡುವಿನ ಬಿಸು, ಮಳೆ ಸುರಿಯುವ ಆಟಿ ತಿಂಗಳು ಜುಲೈ ನಡುವಿನಿಂದ. ಬೆಂಗಳೂರಿನ ಚಾಂದ್ರಮಾನ ಪುಸ್ತಕ ಒಯ್ದು ಅಲ್ಲಿ ಕೊಟ್ಟರೆ ಅರ್ಧ ಉಪಯೋಗ ಅಷ್ಟೆ. ಕೊಡಗಿನ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಸಾವಿರಾರು ಜನ ಕಾಯುವುದೂ ಸೂರ್ಯ ತುಲಾ ರಾಶಿ ಪ್ರವೇಶಿಸುವ ಆ ಒಂದು ನಿಮಿಷಕ್ಕೆ. ಅಕ್ಟೋಬರ್ 17ರ ಆಸುಪಾಸು ಬರುವ ಆ ಹೊತ್ತು ಒಂದು ವರ್ಷ ಹಗಲಾದರೆ ಮತ್ತೊಂದು ವರ್ಷ ನಡುರಾತ್ರಿ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗದ ಬಗ್ಗೆ ಚಿಕ್ಕದಾಗಿ. ಮೇಘನಾದ ಸಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನ ಮೇಲೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಕ್ಯಾಲೆಂಡರ್ ಜಾರಿಗೆ ಬಂತು. ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಇದನ್ನು ತಯಾರಿಸುತ್ತದೆ, ಗಣಿತ ಬಹಳ ನಿಖರ. ಆದರೆ ಅದನ್ನು ಮಾಡಿರುವುದು 82.5 ಡಿಗ್ರಿ ಪೂರ್ವ ರೇಖಾಂಶ, 23 ಡಿಗ್ರಿ 11 ಕಲೆ ಉತ್ತರ ಅಕ್ಷಾಂಶದ ಮಧ್ಯಬಿಂದುವಿಗೆ. ತಿಥಿ ಮುಗಿಯುವ ವೇಳೆ ನಮಗೂ ಅದೇ, ಸೂರ್ಯೋದಯ ಹಿಡಿದು ನಡೆಯುವುದೆಲ್ಲ ನಮ್ಮ ಊರಿಗೆ ತಿದ್ದಿಕೊಳ್ಳಬೇಕು. ಬೇರೆ ಪಂಚಾಂಗಗಳನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ.

ಆ್ಯಪ್‌ಗಳ ಗುಣ ಒಂದೇ, ಆದರೆ ಅದು ದೊಡ್ಡ ಗುಣ: ನಾವಿರುವ ಊರಿಗೆ ಲೆಕ್ಕ ಮಾಡಿಕೊಡುತ್ತವೆ. ಹಾಕಿಕೊಂಡ ಮೇಲೆ ಮೂರು ಕಡೆ ಪರೀಕ್ಷೆ ಮಾಡಬೇಕು. ಜನವರಿಯ ಒಂದು ಸೋಮವಾರ, ಜೂನಿನ ಒಂದು ಸೋಮವಾರದ ರಾಹುಕಾಲ ತೆರೆದು ನೋಡಿ. ಎರಡೂ 7:30ರಿಂದ 9 ಎಂದು ತೋರಿಸಿದರೆ ಅದು ಗೋಡೆ ಕ್ಯಾಲೆಂಡರಿನ ನಕಲು, ತೆಗೆದುಹಾಕಿ. ಎರಡನೆಯದು ತಿಂಗಳ ಪದ್ಧತಿ. ಕರ್ನಾಟಕದ್ದು ಅಮಾಂತ, ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರ ಭಾರತದ್ದು ಪೂರ್ಣಿಮಾಂತ. ಕೃಷ್ಣಪಕ್ಷ ಬಂದಾಗ ತಿಂಗಳ ಹೆಸರೇ ಬೇರೆ: ನಮಗೆ ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಅಲ್ಲಿ ಫಾಲ್ಗುಣದ್ದು. ಹಬ್ಬದ ದಿನ ಬದಲಾಗುವುದಿಲ್ಲ, ಸಂಕಲ್ಪದಲ್ಲಿ ಹೇಳುವ ಮಾಸ ಮಾತ್ರ ತಪ್ಪುತ್ತದೆ. ಮೂರನೆಯದು ಅಯನಾಂಶ, ಅಂದರೆ ರಾಶಿಚಕ್ರವನ್ನು ಯಾವ ಬಿಂದುವಿನಿಂದ ಎಣಿಸಬೇಕು ಎನ್ನುವ ತಿದ್ದುಪಡಿ. ತಿಥಿಗೆ ಇದರಿಂದ ಏನೂ ಆಗದು, ಅದು ಎರಡು ಸ್ಥಾನಗಳ ನಡುವಿನ ಅಂತರವಷ್ಟೆ. ನಕ್ಷತ್ರ ಮಾತ್ರ ಜಾರುತ್ತದೆ. ಲಾಹಿರಿ ಅಯನಾಂಶ ಬಿಟ್ಟು ಬಿ.ವಿ. ರಾಮನ್ ಅವರ ಅಯನಾಂಶ ಹಾಕಿದರೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ, ನಕ್ಷತ್ರ ಬದಲಾಗುವ ವೇಳೆಯಲ್ಲಿ ಎರಡೂವರೆ ಗಂಟೆಯಷ್ಟು ಏರುಪೇರು. ಮಗು ಹುಟ್ಟಿದ ನಕ್ಷತ್ರ ಒಂದರಲ್ಲಿ ಪುಷ್ಯ, ಇನ್ನೊಂದರಲ್ಲಿ ಆಶ್ಲೇಷ ಎಂದು ಬಂದರೆ ಮೊದಲು ನೋಡಬೇಕಾದದ್ದು ಈ ಸೆಟ್ಟಿಂಗನ್ನು.

ಹೊರದೇಶದಲ್ಲಿರುವ ಕನ್ನಡಿಗರು ಊರಿಂದ ತರಿಸಿದ ಕ್ಯಾಲೆಂಡರನ್ನು ಮನೆಯ ನೆನಪಿಗೆ ಗೋಡೆಯ ಮೇಲಿಡಲಿ, ತುಂಬ ಒಳ್ಳೆಯದು. ಹೊತ್ತು ನೋಡಲು ಮಾತ್ರ ಅದು ಆಗದು. ತಿಥಿ, ನಕ್ಷತ್ರ ಮುಗಿಯುವ ವೇಳೆಯನ್ನು ಗಡಿಯಾರದ ಅಂತರ ಕಳೆದು ಪಡೆಯಬಹುದು. ನ್ಯೂಯಾರ್ಕ್, ನ್ಯೂಜೆರ್ಸಿಗೆ ಬೇಸಿಗೆಯ ಗಡಿಯಾರವಿರುವಾಗ 9:30 ಗಂಟೆ, ಚಳಿಗಾಲದಲ್ಲಿ 10:30 ಗಂಟೆ ಕಳೆಯಬೇಕು. ಕ್ಯಾಲಿಫೋರ್ನಿಯಾಕ್ಕೆ 12:30 ಮತ್ತು 13:30. ದುಬೈಗೆ ವರ್ಷವಿಡೀ 1:30. ಮಾರ್ಚ್ ಎರಡನೆಯ ಭಾನುವಾರವೂ ನವೆಂಬರ್ ಮೊದಲ ಭಾನುವಾರವೂ ಅಮೆರಿಕದ ಗಡಿಯಾರ ಬದಲಾಗುತ್ತದೆ. ಯುಗಾದಿ, ದೀಪಾವಳಿ ಎರಡೂ ಬರುವುದು ಅದರ ಆಸುಪಾಸಿಗೇ, ಹಾಗಾಗಿ ತಪ್ಪುವ ಸಂಭವ ಹೆಚ್ಚು. ಇಷ್ಟು ಕಳೆದ ಮೇಲೆ ಅಲ್ಲಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡಿದರೆ ಅಲ್ಲಿನ ದಿನ ಸಿಗುತ್ತದೆ. ರಾಹುಕಾಲವನ್ನು ಹೀಗೆ ಕಳೆದು ಪಡೆಯುವಂತಿಲ್ಲ. ಲಂಡನ್ನಿನಲ್ಲಿ ಜೂನ್ 21ರ ಹಗಲು 4:43ರಿಂದ ರಾತ್ರಿ 9:21ರವರೆಗೆ. ಎಂಟನೆಯ ಒಂದು ಪಾಲೇ ಎರಡು ಗಂಟೆ ದಾಟುತ್ತದೆ. ಅಂದು ಭಾನುವಾರವಾದರೆ ರಾಹುಕಾಲ 7:16ರಿಂದ 9:21. ಸ್ಟಾಕ್‌ಹೋಮಿನ ಡಿಸೆಂಬರಿನಲ್ಲಿ ಹಗಲೇ ಆರು ಗಂಟೆ, ರಾಹುಕಾಲ ಮುಕ್ಕಾಲು ಗಂಟೆ. ಇಂಥ ಊರುಗಳ ಇಂಡಿಯನ್ ಸ್ಟೋರ್‌ಗಳಲ್ಲಿ ಕೊಡುವ ಕ್ಯಾಲೆಂಡರ್ ಸಿಕ್ಕಿದರೂ ಸೂರ್ಯೋದಯದ ಕಾಲಂ ನೋಡಿ. ಜೂನಿನಲ್ಲಿ ಆರರ ಹತ್ತಿರ ಇದ್ದರೆ ಅದು ಭಾರತದ ಗಣಿತವನ್ನೇ ಅಚ್ಚು ಹಾಕಿದ್ದು.

ಕರ್ನಾಟಕದಲ್ಲಿರುವ ಮನೆಗೆ ನಮ್ಮ ಸಲಹೆ: ಹತ್ತಿರದ ಊರಿನ ಗಣಿತವಿರುವ ಒಂದು ಗೋಡೆ ಕ್ಯಾಲೆಂಡರ್, ಮನೆತನದ ಪದ್ಧತಿಯ ಒಂದು ಪುಸ್ತಕ. ಎರಡೂ ಸೇರಿ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡು. ಹೊರದೇಶದವರಿಗೆ ಸೆಟ್ಟಿಂಗ್ ಸರಿಮಾಡಿದ ಆ್ಯಪ್, ಜೊತೆಗೆ ವ್ರತ ನಿಯಮ ನೋಡಲು ಊರಿನ ಪುಸ್ತಕ. ವರ್ಷ ಮುಗಿದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಮನೆಯಲ್ಲಿ ಹುಟ್ಟು ಸಾವು ಆದ ವರ್ಷದ್ದನ್ನಂತೂ ತೆಗೆದಿಡಲೇಬೇಕು. ಆ ದಿನದ ಸಾಲಿನ ಪಕ್ಕ ಗಂಟೆ, ನಿಮಿಷ, ಊರು ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದಿಡಿ. ಇಂಕು ಹತ್ತಿಪ್ಪತ್ತು ವರ್ಷಕ್ಕೆ ತೆಳು ಕಾಗದದ ಆಚೆ ಬದಿಗೆ ಇಳಿದು ಹರಡುತ್ತದೆ. ಪೆನ್ಸಿಲ್ ಗುರುತು ಹಾಗೇ ಇರುತ್ತದೆ.